ಕೊನೆಯ ಸಾಲಿನಿಂದ ಓದುವುದು

ಪೇಪರನ್ನು ನಾನು ಈಗಲೂ ಮೊದಲ ಪುಟದಿಂದ ಓದುವುದಿಲ್ಲ. ಕೊನೆಯ ಪುಟದ ಮೂಲೆಯಲ್ಲಿ, ಜಾಹೀರಾತಿನ ಪಕ್ಕ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಏನೋ ಹಾಕಿರುತ್ತಾರಲ್ಲ, ಅಲ್ಲಿಂದ ಮೇಲಕ್ಕೆ ಹತ್ತಿಕೊಂಡು ಬರುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ದೊಡ್ಡ ಅಕ್ಷರದಲ್ಲಿ ಹೇಳುವವರ ಮೇಲೆ ನನಗೆ ನಂಬಿಕೆಯಿಲ್ಲ, ಸಣ್ಣ ಅಕ್ಷರದವರ ಮೇಲೂ ಪೂರ್ತಿ ಇಲ್ಲ. ಇದು ನನ್ನ ಹುಟ್ಟುಗುಣ ಎಂದು ಅವ್ವ ಹೇಳುತ್ತಿದ್ದಳು. ತೊಟ್ಟಿಲಲ್ಲಿದ್ದಾಗಲೇ ಹಾಲಿನ ಒಳಲೆಯನ್ನು ಒಂದು ಸಲ ದುರುಗುಟ್ಟಿ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದೆನಂತೆ. ಆದರೆ ಈ ಅನುಮಾನಕ್ಕೆ ಒಂದು ಕ್ರಮ ಕಲಿಸಿದವರು ಹೊಸನಗರದ ಹೈಸ್ಕೂಲಿನಲ್ಲಿ ನಮಗೆ ಚರಿತ್ರೆ ಹೇಳಿಕೊಟ್ಟ ಮೇಷ್ಟ್ರು.

ಅವರು ಮೈಸೂರಿನ ಕಡೆಯವರು. ಮಳೆಗೆ ಹೆದರುತ್ತಿರಲಿಲ್ಲ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಹೆದರುತ್ತಿದ್ದರು. ಪಾಠದ ಮಧ್ಯೆ ಮಧ್ಯೆ ಪಂಚೆ ಸರಿಸಿ ಮೀನಖಂಡ ನೋಡಿಕೊಳ್ಳುವುದು ಅವರ ಅಭ್ಯಾಸ. ಹಿಂದಿನ ದಿನದ ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೇ ಕೊನೆಯ ಪೀರಿಯಡ್ಡಿಗೆ ಬರುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ನಗರವೆಂಬ ಊರಿನ ಹಳೇ ಕೋಟೆಗೆ ನಡೆಸಿಕೊಂಡು ಹೋದಾಗ ದಾರಿಯಲ್ಲಿ ಗದ್ದೆಯ ಅಂಚಿಗೆ ವಾಲಿಕೊಂಡಿದ್ದ ಶಾಸನದ ಕಲ್ಲೊಂದನ್ನು ತೋರಿಸಿದರು. ನಾವು ಮೇಲಿನಿಂದ ಕಷ್ಟಪಟ್ಟು ಅಕ್ಷರ ಕೂಡಿಸಲು ಹೊರಟರೆ ತಡೆದರು.

"ಮೊದಲ ಹತ್ತು ಸಾಲು ಹೊಗಳಿಕೆ ಕಣ್ರೋ. ರಾಜ ಸೂರ್ಯ, ರಾಜ ಸಿಂಹ. ಅದನ್ನ ಬಿಟ್ಟು ಕೆಳಗಡೆ ಬನ್ನಿ. ಯಾವ ಭೂಮಿ ಕೊಟ್ಟ? ಅದರ ಎಲ್ಲೆ ಯಾವುದು? ಆ ಎಲ್ಲೆಯೊಳಗೆ ಮುಂಚೆ ಉಳ್ತಾ ಇದ್ದೋರು ಯಾರು? ಅವರ ಹೆಸರು ಇದೆಯಾ ಕಲ್ಲಿನಲ್ಲಿ? ಇಲ್ಲ ಅಲ್ವಾ? ಹಾಗಾದರೆ ಇದರಿಂದ ಲಾಭ ಯಾರಿಗಾಯ್ತು?"

ಮಾರನೇ ದಿನ ಪೇಪರನ್ನು ಮೇಜಿನ ಮೇಲೆ ಹರಡಿ, "ಇದು ನಿನ್ನೆ ಕೆತ್ತಿದ ಶಾಸನ. ಹಾಗೇ ಓದಿ," ಅಂದರು. ನನಗೆ ಆನೆ ಸಿಕ್ಕಿದಷ್ಟು ಖುಷಿಯಾಯಿತು. ಇಷ್ಟು ದಿನ ಎಲ್ಲರನ್ನೂ ಸುಮ್ಮನೆ ಅನುಮಾನಿಸುತ್ತಿದ್ದವಳಿಗೆ ಈಗ ಅದಕ್ಕೊಂದು ಶಾಸ್ತ್ರವೇ ಸಿಕ್ಕಿತ್ತು.

ನಮ್ಮ ಹಳ್ಳಿ ಶರಾವತಿಯ ಆಚೆ ದಡದಲ್ಲಿತ್ತು. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ದಾಟುತ್ತಿದ್ದೆವು. ಮಳೆಗಾಲಕ್ಕೆ ದೋಣಿಯೇ ಗತಿ. ಹೊಳೆ ಏರಿದ ದಿನಗಳಲ್ಲಿ ದೋಣಿ ಕತ್ತಲಾಗುವ ಮುಂಚೆ ಹೊರಡಬೇಕಾದ್ದರಿಂದ, ಆಚೆ ದಡದ ಮೂವರು ಮಕ್ಕಳಾದ ನಮಗೆ ಕೊನೆಯ ಗಂಟೆಗಿಂತ ಹತ್ತು ನಿಮಿಷ ಮೊದಲೇ ಹೊರಡುವ ಪರವಾನಗಿ ಇತ್ತು. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಬದುಕಿನ ಒಂದು ದೊಡ್ಡ ತಪ್ಪಿಗೆ ಈ ಹತ್ತು ನಿಮಿಷವೂ ಕಾರಣ.

ದೋಣಿ ನಡೆಸುವವನು ಐವತ್ತರ ಮೇಲಿನ ಮನುಷ್ಯ, ಮಾತು ಕಡಿಮೆ. ದಡದ ಮತ್ತಿಮರದ ಬುಡದಲ್ಲಿ ಪ್ರತಿವರ್ಷದ ನೆರೆ ಎಲ್ಲಿಯವರೆಗೆ ಏರಿತು ಎಂದು ಕತ್ತಿಯಿಂದ ಒಂದೊಂದು ಗೀರು ಹಾಕುತ್ತಿದ್ದ. ಅವನ ಅಪ್ಪ ಹಾಕಿದ ಗೀರುಗಳೂ ಅದರಲ್ಲಿದ್ದವು. ಯಾವ ಗೀರು ಯಾವ ವರ್ಷದ್ದು, ಆ ವರ್ಷ ಯಾರ ಮನೆಯ ಕೊಟ್ಟಿಗೆಗೆ ನೀರು ನುಗ್ಗಿತ್ತು ಎಂಬುದೆಲ್ಲ ಅವನಿಗೆ ಬಾಯಿಪಾಠ. ಮಳೆಗಾಲದ ಮೊದಲ ಕೆಂಪು ನೀರು ಬಂದು ದೋಣಿ ಹೊಳೆಗಿಳಿಯುವ ದಿನ, ಊರಿನ ಮನೆಗೊಬ್ಬರು ಒಂದು ತೆಂಗಿನಕಾಯಿ ಹಿಡಿದು ದಡಕ್ಕೆ ಹೋಗಬೇಕು, ಅವನ ದೋಣಿಯಲ್ಲಿ ಒಮ್ಮೆ ಆಚೆಗೆ ಹೋಗಿ ಈಚೆಗೆ ಬರಬೇಕು. ಹೋಗದ ಮನೆಯವರು ಆ ವರ್ಷ ಅವನ ದೋಣಿಯನ್ನು ನಂಬುವುದಿಲ್ಲ ಎಂದರ್ಥ. ಅಂಥ ಮನೆ ಯಾವುದೂ ಇರಲಿಲ್ಲ.

ಆ ಹೊತ್ತಿಗೆ ಕೆಳಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿತ್ತು. ನೀರು ನಮ್ಮವರೆಗೆ ಬರುತ್ತದೆ ಎಂದು ಕೆಲವರು, ಬರುವುದಿಲ್ಲ ಎಂದು ಕೆಲವರು. ಅಳತೆಯವರು ಕೆಂಪು ಬಿಳಿ ಕೋಲು ಹಿಡಿದು ಹೊಳೆಯ ಬದಿ ಓಡಾಡತೊಡಗಿದ್ದರು. ಅವರು ಬಂದರೆ ಮೊದಲು ಹೋಗುತ್ತಿದ್ದದ್ದು ಆ ಮತ್ತಿಮರದ ಹತ್ತಿರ. ದೋಣಿಯವನು ಕೂತು ಗೀರುಗಳನ್ನು ಒಂದೊಂದಾಗಿ ತೋರಿಸುವುದನ್ನು ನಾನೇ ಕಣ್ಣಾರೆ ಕಂಡೆ. ಅವರು ಕೊಟ್ಟ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡದ್ದನ್ನೂ ಕಂಡೆ.

ಆ ಶ್ರಾವಣದಲ್ಲೇ ಮೇಷ್ಟ್ರು ನಗರದ ಕೋಟೆ ಬಿದ್ದ ಪಾಠ ಮಾಡಿದರು. ಸುತ್ತ ಕಾಡು, ಕಣಿವೆ, ಬಾಗಿಲುಗಳ ಮೇಲೆ ಬಾಗಿಲು. ಮೈಸೂರಿನ ಸೈನ್ಯಕ್ಕೆ ಸುಲಭವಾಗಿ ದಕ್ಕುವ ಜಾಗವಲ್ಲ. ಆದರೂ ದಕ್ಕಿತು. ಹೇಗೆ? "ಒಳಗಿನವನೊಬ್ಬ ಒಳದಾರಿ ತೋರಿಸಿದ ಅಂತ ಹೇಳ್ತಾರೆ," ಅಂದರು ಮೇಷ್ಟ್ರು. ಆಗ ಕೊನೆಯ ಗಂಟೆಗೆ ಹತ್ತು ನಿಮಿಷವಿತ್ತು. ನಾನು ನೋಟ್ ಪುಸ್ತಕದಲ್ಲಿ 'ಒಳಗಿನವನೇ ದಾರಿ ತೋರಿಸಿದ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಕೊಡೆ ಹಿಡಿದು ಓಡಿದೆ. ದಡದಲ್ಲಿ ದೋಣಿಯವನು ಕಾಯುತ್ತಿದ್ದ. ಅಂದು ದೋಣಿಯಲ್ಲಿ ಅವನ ಬೆನ್ನನ್ನೇ ನೋಡುತ್ತ ಕೂತೆ. ನನ್ನ ತಲೆಯಲ್ಲಿ ಲೆಕ್ಕ ಮುಗಿದುಹೋಗಿತ್ತು.

ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು ಆ ವರ್ಷದ ದೀಪಾವಳಿಯ ಸುಮಾರಿಗೆ, ಚೀನಾ ಯುದ್ಧದಲ್ಲಿ. ಪೇಪರಿನ ಮೇಲ್ಭಾಗದಲ್ಲಿ ನಮ್ಮವರು ಗಟ್ಟಿಯಾಗಿ ನಿಂತಿದ್ದಾರೆ ಎಂದಿತ್ತು. ನಾನು ಕೆಳಗಿನಿಂದ ಓದಿದೆ. ಸೈನಿಕರಿಗೆ ಉಣ್ಣೆ ಬಟ್ಟೆ ಬೇಕು ಅಂತ ಒಂದು ಕಡೆ, ನಿನ್ನೆ ಇದ್ದ ಊರಿನ ಹೆಸರು ಇವತ್ತು ಕಾಣೆ. "ಅಪ್ಪಯ್ಯ, ನಾವು ಸೋಲ್ತಾ ಇದೀವಿ," ಅಂದೆ. ಅಪ್ಪಯ್ಯ ಕಣ್ಣು ಕೆಂಪು ಮಾಡಿ, "ಬಾಯ್ಮುಚ್ಚು, ಅಪಶಕುನದ್ದೆ," ಎಂದು ಗದರಿದರು. ನಾಲ್ಕು ದಿನ ಕಳೆದು ಪೇಪರೇ ಅದನ್ನು ಒಪ್ಪಿಕೊಂಡಿತು. ಅಂದಿನಿಂದ ಸಂಜೆ ಜಗಲಿಗೆ ಬಂದವರೆಲ್ಲ, "ನಿಮ್ಮ ಮಗಳು ಎಂತ ಹೇಳ್ತಾಳೆ ಒಡೇರೆ?" ಎಂದು ಕೇಳುವಂತಾಯಿತು. ಹದಿನೈದು ವರ್ಷದ ಹುಡುಗಿಗೆ ಇದು ತಲೆಗೇರದೆ ಇನ್ನೇನಾಗುತ್ತದೆ?

ಆ ಜಗಲಿಯಲ್ಲಿ ನಾನು ಹೇಳಿದ್ದು ಇಷ್ಟು. ಯಾವ ರಾಜನೂ ಲೆಕ್ಕ ಹಿಡಿಯದೆ ಊರಿನ ಮೇಲೆ ಕೈಮಾಡಿಲ್ಲ. ಮೊದಲು ಮನೆ ಎಣಿಸುತ್ತಾರೆ, ಆಮೇಲೆ ಬರುತ್ತಾರೆ. ನಾವು ಎಷ್ಟು ತೋರಿಸುತ್ತೇವೋ ಅಷ್ಟನ್ನು ಮುಳುಗಿಸುತ್ತಾರೆ. ತೋರಿಸದಿದ್ದರೆ ಮುಳುಗಿಸುವುದು ಹೇಗೆ? ಮುಳುಗಡೆಯ ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ನೀರು ಬಿಡುವ ಅಧಿಕಾರ ಅವರಿಗಿಲ್ಲ. ಈಗ ಬರೆಯುವಾಗ ನಾಚಿಕೆಯಿಂದ ಮುಖ ಸುಡುತ್ತದೆ. ಆದರೆ ಅಂದು ದೊಡ್ಡವರೆಲ್ಲ ತಲೆಯಾಡಿಸಿದರು. ಗಡಿಕಲ್ಲು, ತಾಮ್ರಪಟ, ದಾನಪತ್ರಗಳ ಮೇಲೆ ತಲೆಮಾರುಗಟ್ಟಲೆ ಬದುಕಿದ ನಮ್ಮ ಕಡೆಯವರಿಗೆ, ಬರೆದದ್ದಕ್ಕೆ ಮಾತ್ರ ನೆಲದ ಮೇಲೆ ಹಕ್ಕು ಎಂಬುದು ರಕ್ತದಲ್ಲಿತ್ತು. ನೀರಿಗೂ ಅದೇ ನಿಯಮ ಎಂದುಕೊಂಡೆವು. ಮತ್ತೆ, ಒಳದಾರಿ ತೋರಿಸುತ್ತಿರುವವನು ಯಾರು ಎಂಬುದನ್ನೂ ನಾನೇ ಹೇಳಿದೆ. ದೋಣಿಯವನ ಕಿವಿಯಲ್ಲಿ ಬೀಡಿ ಇದ್ದ ಸಂಗತಿಯನ್ನು ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ.

ಮಾಘಮಾಸದಲ್ಲಿ ಮನೆ ಬರೆದುಕೊಳ್ಳುವವರು ಬಂದರು. ಒಬ್ಬ ಅಧಿಕಾರಿ, ಅಳತೆಯ ಸರಪಳಿ ಹಿಡಿದ ಇಬ್ಬರು, ಮುಂದೆ ನಮ್ಮ ದೋಣಿಯವನು. ನಮ್ಮ ಮನೆ, ನೆರೆಯ ನಾಲ್ಕು ಮನೆ ಬರೆದಾಯಿತು. ಅವೆಲ್ಲ ರಸ್ತೆಗೆ ಕಾಣುವಂಥವು, ಮುಚ್ಚಿಡಲಾಗದವು. ನಮ್ಮ ಕಣದ ಆಚೆ ಒಂದು ದಣಪೆ ಇತ್ತು, ಬಿದಿರಿನ ಗಳ ಸರಿಸಿ ದಾಟುವ ಬೇಲಿಬಾಗಿಲು. ಅದನ್ನು ದಾಟಿ ಗುಡ್ಡ ಬಳಸಿದರೆ ಹಳ್ಳದ ಬದಿಗೆ ಐದು ಬಿಡಾರ. ನಮ್ಮ ಗದ್ದೆಯನ್ನು ಅಜ್ಜನ ಕಾಲದಿಂದ ಉಳುತ್ತಿದ್ದವರು ಅಲ್ಲಿದ್ದರು. ಅಂದು ಹೊರಗೆ ಬರಬೇಡಿ, ಹೆಸರು ಹೇಳಬೇಡಿ ಎಂದು ಅವರಿಗೆ ಹಿಂದಿನ ದಿನವೇ ನಾನು ಹೋಗಿ ಹೇಳಿ ಬಂದಿದ್ದೆ. ಶಾಲೆಗೆ ಹೋಗುವ ಒಡೆಯರ ಮಗಳು ಹೇಳಿದ ಮೇಲೆ ಅವರು ನಂಬದೆ ಏನು ಮಾಡಿಯಾರು?

ಅಧಿಕಾರಿ ದಣಪೆಯ ಹತ್ತಿರ ಬರುವಷ್ಟರಲ್ಲಿ ನಾನು ಓಡಿಹೋಗಿ ಮೂರೂ ಗಳ ಸೇರಿಸಿ ದಾರಿ ಮುಚ್ಚಿ ಅಡ್ಡ ನಿಂತಿದ್ದೆ. ನನ್ನ ಮಟ್ಟಿಗೆ ಅದು ನಗರದ ಕೋಟೆಯ ಬಾಗಿಲು.

"ಈ ಕಡೆ ಏನಿದೆ?" ಎಂದು ಅಧಿಕಾರಿ ಕೇಳಿದರು.

"ಐದು ಮನೆ ಅದಾವೆ ಸ್ವಾಮಿ," ಅಂದ ದೋಣಿಯವನು. "ಹಳ್ಳದ ಬದೀಗೆ. ನೀರು ಬಂದ್ರೆ ಮೊದ್ಲು ಮುಳುಗಾದೇ ಅವು. ಬನ್ನಿ, ನಾ ಕರ್ಕೊಂಡು ಹೋಗ್ತೀನಿ."

"ಯಾವ ಮನೇನೂ ಇಲ್ಲ," ಅಂದೆ ನಾನು. "ಬರೀ ಕಾಡು. ದನ ಮೇಯಾಕೆ ಹೋಗಾ ದಾರಿ ಇದು."

ದೋಣಿಯವನು ನನ್ನ ಮುಖ ನೋಡಿದ. "ಮರಿ, ಹಂಗೆ ಹೇಳ್ಬಾರ್ದು," ಅಂದ, ಮೆತ್ತಗೆ.

ಅಧಿಕಾರಿ ನಮ್ಮಿಬ್ಬರನ್ನೂ ಬಿಟ್ಟು ಅಪ್ಪಯ್ಯನ ಕಡೆ ತಿರುಗಿದರು. ಬಿಸಿಲು ಏರಿತ್ತು, ಅವರಿಗೂ ಗುಡ್ಡ ಬಳಸುವ ಉಮೇದು ಇದ್ದಂತೆ ಕಾಣಲಿಲ್ಲ. ಅಪ್ಪಯ್ಯ ಒಮ್ಮೆ ಗುಡ್ಡ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ನನ್ನ ಮಗಳು ಸುಳ್ಳು ಹೇಳಾದಿಲ್ಲ," ಅಂದರು. ಅಧಿಕಾರಿ ಪಟ್ಟಿಯ ಕೆಳಗೆ ಗೆರೆ ಎಳೆದರು. ನಾನು ಗೆದ್ದೆ ಎಂದುಕೊಂಡೆ.

ಮುಂದಿನ ಮಳೆಗಾಲದಲ್ಲಿ ಕೆಂಪು ನೀರು ಬಂದ ದಿನ ಅವನು ಎಂದಿನಂತೆ ದೋಣಿಗೆ ಕುಂಕುಮ ಹಚ್ಚಿ ದಡದಲ್ಲಿ ನಿಂತ. ಯಾವ ಮನೆಯಿಂದಲೂ ಯಾರೂ ಕಾಯಿ ಹಿಡಿದು ಹೋಗಲಿಲ್ಲ. ನಾನು ನಮ್ಮ ಅಟ್ಟದ ಕಿಟಕಿಯಿಂದ ನೋಡಿದೆ. ಮಧ್ಯಾಹ್ನದವರೆಗೆ ಕಾದು, ಒಬ್ಬನೇ ಆಚೆಗೆ ಹೋಗಿ, ಒಬ್ಬನೇ ಈಚೆಗೆ ಬಂದ. ಶಾಲೆಗೆ ನಾವು ಅವನ ದೋಣಿಯಲ್ಲೇ ಹೋಗಬೇಕಿತ್ತು, ಹೋದೆವು. ಅವನು ನಮ್ಮನ್ನು ದಾಟಿಸುತ್ತಲೇ ಇದ್ದ. ಮರಿ ಎಂದು ಕರೆಯುವುದನ್ನು ಮಾತ್ರ ಬಿಟ್ಟ.

ಅದರ ಮರುವರ್ಷ ನೀರು ಬಂತು. ಅದು ಹರಿದು ಬರುವ ನೆರೆಯಲ್ಲ, ಅಣೆಕಟ್ಟಿನಿಂದ ಹಿಂದಕ್ಕೆ ಒತ್ತಿಕೊಂಡು ಬಂದು ಸುಮ್ಮನೆ ಏರುವ ನೀರು. ಮತ್ತಿಮರದ ಗೀರುಗಳೆಲ್ಲ ಒಂದೇ ವಾರದಲ್ಲಿ ಒಳಗೆ ಹೋದವು. ಬಿಡಾರದ ಹೆಂಗಸೊಬ್ಬಳು, ನನಗೆ ಚಿಕ್ಕವಳಿದ್ದಾಗಿನಿಂದ ಮುಳ್ಳುಹಣ್ಣು ಕೊಯ್ದು ತಂದುಕೊಡುತ್ತಿದ್ದವಳು, ಕೋಳಿ ಬುಟ್ಟಿ ತಲೆಯ ಮೇಲಿಟ್ಟುಕೊಂಡು ದಣಪೆ ದಾಟಿ ನಮ್ಮ ಅಂಗಳಕ್ಕೆ ಬಂದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು:

"ಅಮ್ಮಾ, ನಮ್ಮ ಹೆಸ್ರು ಬರ್ಸಿರ್ಲಿಲ್ಲ ಅಲ್ದಾ? ಮತ್ತೆ ನೀರು ಹೆಂಗೆ ಬಂತು?"

ನಮಗೆ ಆನಂದಪುರದ ಹತ್ತಿರ ಜಮೀನು ಸಿಕ್ಕಿತು, ಗಾಡಿಗಳಲ್ಲಿ ಸಾಮಾನು ಹೇರಿಕೊಂಡು ಹೋದೆವು. ಬಿಡಾರದವರು ಪಟ್ಟಿಯಲ್ಲಿರಲಿಲ್ಲ. ಒಂದೊಂದು ಮನೆ ಒಂದೊಂದು ದಿಕ್ಕಿಗೆ ಹೋಯಿತು.

ಕೆಲವು ವರ್ಷ ಕಳೆದು, ಅರವತ್ತರ ದಶಕ ಮುಗಿಯುವ ಹೊತ್ತಿಗೆ, ನಾನೇ ತೀರ್ಥಹಳ್ಳಿಯಲ್ಲಿ ಚರಿತ್ರೆಯ ಟೀಚರಾಗಿದ್ದೆ. ಒಂದು ದಿನ ಪೇಪರಿನ ಮೇಲ್ಭಾಗದಲ್ಲಿ, ಮುಳುಗಡೆಯ ಕುಟುಂಬಗಳಿಗೆಲ್ಲ ನೆಲೆ ಕೊಟ್ಟಾಯಿತು ಎಂಬ ಅರ್ಥದ ಸುದ್ದಿ ಇತ್ತು. ಅಭ್ಯಾಸಬಲದಿಂದ ಕೆಳಗಿನಿಂದ ಓದಿದೆ. ಕೊನೆಯಲ್ಲಿತ್ತು, 'ಪಟ್ಟಿಯಲ್ಲಿ ಹೆಸರಿದ್ದ' ಕುಟುಂಬಗಳಿಗೆ ಎಂದು. ಬಿಟ್ಟುಹೋದವರು ಇದ್ದರೆ ಅರ್ಜಿ ಕೊಡಬಹುದು ಎಂದೂ ಇತ್ತು. ಯಾರ ಹೆಸರು ಬಿಟ್ಟುಹೋಗಿದೆ ಎಂದು ಮಕ್ಕಳಿಗೆ ದಿನವೂ ಕೇಳುವವಳು ನಾನು. ಈ ಸಲ ಉತ್ತರ ನನಗೇ ಗೊತ್ತಿತ್ತು.

ನಮ್ಮ ಮೇಷ್ಟ್ರಿಗೆ ಆಗ ಸಾಗರಕ್ಕೆ ವರ್ಗವಾಗಿತ್ತು. ಭಾನುವಾರ ಬಸ್ಸು ಹತ್ತಿ ಹೋದೆ. ಕೂದಲು ಬೆಳ್ಳಗಾಗಿತ್ತು, ಪಂಚೆ ಸರಿಸಿ ಕಾಲು ನೋಡಿಕೊಳ್ಳುವುದು ಮಾತ್ರ ಹಾಗೇ ಇತ್ತು. ಎಲ್ಲ ಹೇಳಿದೆ. ಹಳೇ ನೋಟ್ ಪುಸ್ತಕವನ್ನೂ ತೋರಿಸಿದೆ, ನೀವೇ ಹೇಳಿಕೊಟ್ಟದ್ದು ಅನ್ನುವ ಧಾಟಿಯಲ್ಲಿ. ಅವರು ಎರಡು ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ಇದು ಪಾಠದ ಅರ್ಧ ಕಣಮ್ಮ. ನೀವು ದೋಣಿಗೆ ಹೋದ ಮೇಲೆ ಉಳಿದವರಿಗೆ ಇನ್ನರ್ಧ ಹೇಳಿದ್ದೆ. ಒಳಗಿನವನು ದಾರಿ ತೋರಿಸಿದ ಅಂತ ಮೊದಲು ಹೇಳಿದವರು ಯಾರು? ಗೆದ್ದವರೋ, ಸೋತವರೋ? ಸೋತ ದೊಡ್ಡವರಿಗೆ ತಪ್ಪು ಹೊರಿಸೋಕೆ ಒಬ್ಬ ಸಣ್ಣ ಮನುಷ್ಯ ಯಾವಾಗಲೂ ಬೇಕಾಗ್ತಾನೆ. ಆ ಕಥೆಯನ್ನೂ ಅನುಮಾನಿಸಿ ಅಂದಿದ್ದೆ." ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. "ಅದಿರಲಿ. ಲಾಭ ಯಾರಿಗಾಯ್ತು ಅನ್ನೋದನ್ನ ಕೇಳಿಕೊಂಡೆಯಾ?"

ಕೇಳಿಕೊಂಡಿರಲಿಲ್ಲ. ಪ್ರಪಂಚದ ಎಲ್ಲ ರಾಜರನ್ನೂ ಕೇಳಿದ್ದೆ, ನಮ್ಮ ಮನೆಯನ್ನು ಮಾತ್ರ ಬಿಟ್ಟಿದ್ದೆ.

ಬಸ್ಸು ಆನಂದಪುರ ತಲುಪುವವರೆಗೆ ಅದೇ ತಲೆಯಲ್ಲಿ ಗಿರಗಿರ ತಿರುಗಿತು. ಐದು ಬಿಡಾರ ಇಲ್ಲ ಎಂದರೆ ಗದ್ದೆ ಉಳುವವರು ಬೇರೆ ಯಾರೂ ಇಲ್ಲ ಎಂದರ್ಥ. ಅಂದರೆ ಆ ನೆಲವೆಲ್ಲ ಪೂರ್ತಿ ನಮ್ಮದೇ ಸಾಗುವಳಿ. ಅದಕ್ಕೆ ಬದಲಾಗಿ ಸಿಕ್ಕ ಜಮೀನೂ ಪೂರ್ತಿ ನಮ್ಮದೇ. ಅಪ್ಪಯ್ಯ ಗುಡ್ಡ ನೋಡಿ, ನನ್ನನ್ನು ನೋಡಿ, ಮಾತಾಡುವ ಮೊದಲು ತೆಗೆದುಕೊಂಡ ಆ ಒಂದು ಗಳಿಗೆಯಲ್ಲಿ ಏನನ್ನು ಯೋಚಿಸಿದ್ದರು?

ಅಪ್ಪಯ್ಯ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. ನೇರವಾಗಿ ಕೇಳಿದೆ. "ಅಲ್ಲಿ ಐದು ಮನೆ ಇದ್ದದ್ದು ನಿಮಗೆ ಗೊತ್ತಿತ್ತಲ್ಲ. ಎಂತಕ್ಕೆ ಹಂಗೆ ಹೇಳಿದ್ರಿ?"

ಅವರು ತಲೆ ಎತ್ತಲಿಲ್ಲ. "ನಾ ಎಂತ ಹೇಳಿದೆ? ಇಲ್ಲ ಅಂತ ಹೇಳಿದವಳು ನೀನು. ನನ್ನ ಮಗಳು ಸುಳ್ಳು ಹೇಳಾದಿಲ್ಲ ಅಂದೆ ನಾನು, ಅಷ್ಟೇ."

ಅವರಿಗೆ ಆಗಲೇ ಎಲ್ಲ ಹೊಳೆದಿತ್ತೋ, ನನ್ನ ಮಾತನ್ನು ನಿಜವಾಗಿ ನಂಬಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ತೀರಿಕೊಳ್ಳುವವರೆಗೂ ಅವರು ಹೇಳಲಿಲ್ಲ. ಅವರನ್ನು ಅನುಮಾನಿಸುತ್ತಲೇ ಪ್ರೀತಿಸಿದೆ, ಅದೊಂದು ನರಕ. ಅಂದು ಅವ್ವ ಬಡಿಸಿದ್ದನ್ನು ಉಣ್ಣದೆ ಎದ್ದು ಬಸ್ಸು ಹತ್ತಿದೆ.

ದೋಣಿಯವನು ತೀರ್ಥಹಳ್ಳಿಯ ಹತ್ತಿರದ ಮೇಳಿಗೆಯಲ್ಲಿ ಮಗಳ ಮನೆಯಲ್ಲಿದ್ದಾನೆ ಎಂದು ವಿಚಾರಿಸಿ ತಿಳಿದುಕೊಂಡೆ. ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೋದೆ. ಜಗಲಿಯ ಮೇಲೆ ಕೂತು ಬಲೆಯ ಹರಕು ಹೊಲಿಯುತ್ತಿದ್ದ. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಿಂತೇ ಹೇಳಿದೆ. ತಪ್ಪು ನನ್ನದು ಎಂದೆ. ಅರ್ಜಿ ಬರೆಯಬೇಕು, ಆ ಐದು ಮನೆಯವರು ಯಾರು ಯಾರು, ಎಲ್ಲೆಲ್ಲಿ ಹೋದರು ಎಂಬುದು ನಿಮಗಲ್ಲದೆ ಯಾರಿಗೂ ಗೊತ್ತಿಲ್ಲ ಎಂದೆ. ಹೇಳುವಾಗ ನನಗೆ ಅಳು ಬಂತು, ಅವನಿಗೆ ಅದರಿಂದ ಕಿರಿಕಿರಿಯಾದಂತೆ ಕಂಡಿತು.

"ಈಗ ಎಂತ ಓದ್ಕಂಡು ಬಂದೀಯ ಟೀಚರಮ್ಮ?" ಎಂದ. "ಆವತ್ತೂ ಎಂತದೋ ಓದ್ಕಂಡೇ ಬಂದಿದ್ದೆ."

ಆ ಮಾತಿಗೆ ನಾನು ಅರ್ಹಳೇ. ಅವನು ಬಲೆ ಬದಿಗಿಟ್ಟು ಕಣ್ಣು ಮುಚ್ಚಿಕೊಂಡ.

"ಬರ್ಕೋ. ದಣಪೆ ದಾಟಿದ್ಮೇಲೆ ಎಡಕ್ಕೆ. ಹಲಸಿನ ಮರದ ಬುಡದಲ್ಲಿ ಮೊದಲ್ನೇ ಮನೆ, ಗಂಡ ಹೆಂಡ್ತಿ, ಮೂರು ಮಕ್ಕಳು. ಅವ್ರು ಈಗ ಸಾಗರದ ಕಡೆ ಇಟ್ಟಿಗೆ ಭಟ್ಟಿಯಲ್ಲಿದಾರೆ. ಅಲ್ಲಿಂದ ಇಪ್ಪತ್ತು ಮಾರು ಇಳಿದ್ರೆ ಕೋಳಿ ಸಾಕಿದ್ದ ಮುದುಕಿ ಮನೆ..."

ನೆನಪಿನಲ್ಲೇ ಒಂದೊಂದು ಮನೆಯ ಮುಂದೆಯೂ ನಿಂತು, ಯಜಮಾನನ ಹೆಸರು, ಅವನ ಅಪ್ಪನ ಹೆಸರು ಹೇಳಿ, ಮುಂದಕ್ಕೆ ನಡೆದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದೆ. ಆ ದಾರಿಯ ಮೇಲೆ ಆಗ ನೀರು ನಿಂತು ವರ್ಷಗಳಾಗಿದ್ದವು. ಎರಡು ಮನೆಯವರು ಘಟ್ಟ ಇಳಿದುಹೋಗಿದ್ದರು, ಅವರು ಮುಂದೆಯೂ ಪತ್ತೆಯಾಗಲಿಲ್ಲ. ಉಳಿದ ಮೂರು ಮನೆಗಳಿಗಾಗಿ ಆ ಅರ್ಜಿಯ ಹಿಂದೆ ನಾನು ಎಷ್ಟು ಕಚೇರಿ ಸುತ್ತಿದೆ ಎಂಬುದನ್ನು ಇಲ್ಲಿ ಹೇಳಿ ದೊಡ್ಡವಳಾಗುವ ಮನಸ್ಸಿಲ್ಲ. ಮೂರರಲ್ಲಿ ಒಂದಕ್ಕೆ ನೆಲ ಸಿಕ್ಕಿತು.

ಅಂದು ಅಲ್ಲೇ ಅರ್ಜಿ ಬರೆದು ಮುಗಿಸಿ ಮೊದಲಿನಿಂದ ಓದಲು ಶುರುಮಾಡಿದೆ. ಘನ ಸನ್ನಿಧಾನಕ್ಕೆ, ವಿನಯಪೂರ್ವಕ, ಇತ್ಯಾದಿ. ಅವನು ಕೈ ಅಡ್ಡ ಮಾಡಿದ.

"ಅದೆಲ್ಲ ಇರ್ಲಿ. ಕಡೇಗೆ ಎಂತ ಬರ್ದೀ, ಅದು ಓದು."

ಓದಿದೆ. "ಈ ಐದು ಮನೆಗಳಿಗೆ ಹೋಗುವ ದಣಪೆಯನ್ನು ಮುಚ್ಚಿ, ಅಲ್ಲಿ ಮನೆಗಳಿಲ್ಲವೆಂದು ಸುಳ್ಳು ಹೇಳಿದವಳು ಈ ಅರ್ಜಿ ಬರೆದವಳೇ. ಅದನ್ನು ನಿಜವೆಂದು ಹೇಳಿದವರು ನನ್ನ ತಂದೆ."

"ಅಪ್ಪಯ್ಯಂದೂ ಬೇಕಾ?" ಎಂದ, ತಡೆದು.

"ಬೇಕು," ಅಂದೆ.

ಮಗಳು ಒಲೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತಂದಳು. ಅವನು ಹೆಬ್ಬೆಟ್ಟು ಅದ್ದಿ, ಕಾಗದದ ಮೇಲೆ ಒತ್ತಿ, ಒಂದು ಗಳಿಗೆ ಹಾಗೇ ಹಿಡಿದಿದ್ದ. ಆಮೇಲೆ ಬೆರಳೆತ್ತಿ ಆ ಕಪ್ಪು ಗುರುತನ್ನು ನೋಡುತ್ತ ಕೇಳಿದ:

"ಇದ್ರ ಕೆಳಗೆ ನಾನು ಯಾರು ಅಂತ ಬರೀತೀ, ಮರಿ?"

'ದಾರಿ ತೋರಿಸಿದವರು' ಎಂದು ಬರೆದೆ.